ಮೊದಲು ದನಿ, ಆಮೇಲೆ ಕೈ

ಹೆಜ್ಜೆಯ ಸದ್ದು ಕೇಳಿದ ಕೂಡಲೇ ಅವಳಿಗೆ ಗೊತ್ತಾಗಿಹೋಯಿತು. ಒಂದು ಕಾಲು ಟಪ್ಪೆಂದು ಊರುವುದು, ಇನ್ನೊಂದು ಅರೆಗಳಿಗೆ ತಡೆದು ನೆಲ ಸವರಿಕೊಂಡು ಬರುವುದು. ಈ ಭೂಮಿಯ ಮೇಲೆ ಹಾಗೆ ನಡೆಯುವವನು ಒಬ್ಬನೇ, ಅವಳ ಅಣ್ಣ. ಬ್ಯಾಟರಿ ಕೋಣೆಯ ಕಪ್ಪು ಪರದೆಯ ಹಿಂದೆ, ತುಂಬಿದ ಎರಡು ಬ್ಯಾಟರಿಗಳನ್ನು ಎದೆಗವಚಿಕೊಂಡು, ಕದ್ದ ಮಾಲಿನ ಸಮೇತ ಸಿಕ್ಕಿಬಿದ್ದವಳ ಹಾಗೆ ನಿಂತುಬಿಟ್ಟಳು. ನಲವತ್ತಾರು ವರ್ಷದ ಹೆಂಗಸು ಪರದೆಯ ಸಂದಿಯಿಂದ ಇಣುಕುವುದೆಂದರೆ ಏನು ಕರ್ಮ! ಇಣುಕಿದಳು. ಅವನೇ. ಪಕ್ಕದಲ್ಲಿ ಅವನ ಮಗಳು, ಅವಳ ಮೂವರು ಗೆಳತಿಯರು, ಹುಡುಗಿಯ ಕೈಯಲ್ಲಿ ಬಲೂನು. ಹೌದಲ್ಲ, ಇವತ್ತು ಅವಳ ಹುಟ್ಟಿದ ದಿನ. ಬೆಳಿಗ್ಗೆ ಫೋನು ಮಾಡಬೇಕೆಂದುಕೊಂಡು, ಅಣ್ಣ ಎತ್ತಿಕೊಂಡರೆ ಏನು ಮಾತಾಡುವುದೆಂದು ಸುಮ್ಮನಾಗಿದ್ದಳು. ಮನೆಯವರಿಗೆಲ್ಲ ಅವಳು ಹೇಳಿಕೊಂಡು ಬಂದದ್ದು 'ಕಂಪ್ಯೂಟರ್ ಕಂಪನಿಯಲ್ಲಿ ಮೇಲ್ವಿಚಾರಣೆ' ಎಂದು. ಪೂರ್ತಿ ಸುಳ್ಳೂ ಅಲ್ಲ. ಕಂಪ್ಯೂಟರುಗಳಿವೆ, ಎಂಟು ಇವೆ, ಜನರ ಬೆನ್ನ ಮೇಲೆ ಕೂತು ಓಡಾಡುತ್ತವೆ, ಅವಕ್ಕೆ ಹೊತ್ತುಹೊತ್ತಿಗೆ ಬ್ಯಾಟರಿ ಉಣಿಸುವವಳು ಅವಳು. ಒಂದು ಸಲ ಅತ್ತಿಗೆ, "ನಿಮ್ಮ ಕೈಕೆಳಗೆ ಎಷ್ಟು ಜನ?" ಎಂದು ಕೇಳಿದಾಗ ನಾಲಗೆ ತಡವರಿಸದೆ "ಎಂಟು" ಎಂದಿದ್ದಳು. ಆ ಎಂಟು ಈಗ ಗೋಡೆಯ ಗೂಟಗಳಿಗೆ ನೇತುಬಿದ್ದು ಮೆಲ್ಲಗೆ ಗುಂಯ್‌ಗುಟ್ಟುತ್ತಿದ್ದವು.

ಕೆಲಸಕ್ಕೆ ಸೇರಿದ ದಿನ ಈ ಆಟದ ಹಜಾರ ನೋಡಿ ಅವಳಿಗೆ ನಗು ಬಂದಿತ್ತು. ಏನೂ ಇಲ್ಲ. ಕಪ್ಪು ಗೋಡೆ, ಬೂದು ನೆಲ, ಚಾವಣಿಯ ಸುತ್ತ ಗುಬ್ಬಿ ತಲೆಯಷ್ಟೇ ಪುಟ್ಟ ಕ್ಯಾಮೆರಾಗಳು, ಗಾಳಿಗೆ ಎರಡು ಭಾರಿ ಫ್ಯಾನು, ನಟ್ಟನಡುವೆ ನೆಲಕ್ಕೆ ಮೊಳೆ ಹೊಡೆದ ಗೇಣಗಲದ ಒಂದು ಹಲಗೆ. ಅದೂ ಹೆಬ್ಬೆರಳು ದಪ್ಪದ್ದು. "ಇದನ್ನ ನೋಡೋಕೆ ಜನ ಟಿಕೆಟ್ ತಗೊಂಡು ಬರ್ತಾರಾ?" ಎಂದು ಕೇಳಿಯೇಬಿಟ್ಟಿದ್ದಳು. ಇಲ್ಲಿನ ಉಸ್ತುವಾರಿಯ ಹುಡುಗಿ, ಎಲ್ಲರೂ ಕ್ಯಾಪ್ಟನ್ ಎನ್ನುವವಳು, ಉತ್ತರ ಕೊಡದೆ ಒಂದು ಕಂಪ್ಯೂಟರಿನ ಮೂಟೆಯನ್ನು ಅವಳ ಬೆನ್ನಿಗೇರಿಸಿ, ಕಣ್ಣು ಮುಚ್ಚುವ ಹೆಡ್‌ಸೆಟ್ ತೊಡಿಸಿದ್ದಳು. ಅಬ್ಬಾ! ಕಾಲ ಕೆಳಗೆ ಅರವತ್ತು ಮಹಡಿಯಷ್ಟು ಆಳ, ತಳದಲ್ಲಿ ಇರುವೆಯಂಥ ಕಾರುಗಳು, ಎದುರಿಗೆ ಎರಡು ಗೋಪುರಗಳ ನಡುವೆ ಆ ಹಲಗೆ. ತಿರುಗಿದರೆ ಆ ಊರೂ ತಿರುಗುತ್ತಿತ್ತು, ಬಗ್ಗಿದರೆ ಆಳ ಇನ್ನಷ್ಟು ಹತ್ತಿರ ಬರುತ್ತಿತ್ತು, ಎಲ್ಲಿಗೆ ನಡೆದರೂ ಎಳೆದು ಹಿಡಿಯುವ ಒಂದು ತಂತಿಯಿಲ್ಲ. ಇಷ್ಟನ್ನೂ ಬೆನ್ನ ಮೇಲಿನ ಆ ಪೆಟ್ಟಿಗೆ ಕ್ಷಣಕ್ಷಣಕ್ಕೂ ಕಣ್ಣೆದುರು ಚಿತ್ರಿಸುತ್ತಿದೆ ಎಂದು ಕ್ಯಾಪ್ಟನ್ ವಿವರಿಸುತ್ತಿದ್ದಳು. ಇವಳು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ, ಅಯ್ಯಯ್ಯೋ ಎಂದು ಬೂದು ನೆಲದ ಮೇಲೆ ಕೂತುಬಿಟ್ಟಿದ್ದಳು. ಆ ಹಲಗೆಯನ್ನು ಅವಳು ಇವತ್ತಿನವರೆಗೂ ದಾಟಿಲ್ಲ.

ಆದರೆ ಮೂಟೆಯ ಮೇಲೆ ಅವಳಿಗೆ ಪ್ರೀತಿ ಹುಟ್ಟಿತು. ಪ್ರೀತಿಯೆಂದರೆ ಪ್ರೀತಿಯೇ, ಮುಚ್ಚುಮರೆ ಏಕೆ? ಯಾವ ಪುಣ್ಯಾತ್ಮ ಮಾಡಿದನೋ, ಪುಣ್ಯಾತ್ಮಳೇ ಇರಬಹುದು, ಹೊರುವವರ ಕಷ್ಟ ಬಲ್ಲ ಕೈ ಅದು. ಪೆಟ್ಟಿಗೆ ಬೆನ್ನಿಗೆ ಅಂಟುವುದಿಲ್ಲ, ನಡುವೆ ಎರಡು ಬೆರಳು ಜಾಗ ಬಿಟ್ಟು ನಿಲ್ಲುತ್ತದೆ. ಬಿಸಿಗಾಳಿ ಕತ್ತಿಗೆ ಹೊಡೆಯದೆ ಪಕ್ಕಕ್ಕೆ ಹೋಗುತ್ತದೆ. ಭಾರವೆಲ್ಲ ಭುಜ ಬಿಟ್ಟು ಸೊಂಟದ ಪಟ್ಟಿಗೆ ಇಳಿಯುತ್ತದೆ. ಅವಳ ಮನಸ್ಸು ಸೋತದ್ದು ಬ್ಯಾಟರಿಯ ಜಾಗಕ್ಕೆ. ಸೊಂಟದ ಎಡಕ್ಕೊಂದು, ಬಲಕ್ಕೊಂದು, ಹಿಂದೆ ನಿಂತವರ ಕೈಗೆ ನೇರವಾಗಿ ಸಿಗುವಂತೆ. ಒಂದನ್ನು ಎಳೆದರೆ ಯಂತ್ರ ಇನ್ನೊಂದರ ಮೇಲೆ ಬದುಕಿರುತ್ತದೆ. ಹೊಸದನ್ನು ತೂರಿಸಿ, ಅದರ ಹಸಿರು ದೀಪ ಹತ್ತಿದ ಮೇಲೆ ಎರಡನೆಯದನ್ನು ಎಳೆಯಬೇಕು. ಆಡುವವರಿಗೆ ತಿಳಿಯುವುದೇ ಇಲ್ಲ, ಅವರ ಊರಿನಲ್ಲಿ ಒಂದು ದೀಪವೂ ಮಿಣುಕುವುದಿಲ್ಲ. ಹಿಂದೆ ಒಬ್ಬಳು ನಿಂತಿರುತ್ತಾಳೆ, ಅವಳಿಗೂ ಸುಲಭವಾಗಲಿ ಎಂದು ಎಲ್ಲೋ ಯಾರೋ ಮೇಜಿನ ಮುಂದೆ ಕೂತು ಯೋಚಿಸಿದ್ದಾರಲ್ಲ, ಅದನ್ನು ನೆನೆದರೆ ಅವಳ ಕಣ್ಣು ತುಂಬುತ್ತಿತ್ತು. ಅವಳ ಕೆಲಸದ ಬಗ್ಗೆ ಅಷ್ಟು ಯೋಚಿಸಿದವರು ಬೇರೆ ಯಾರೂ ಇರಲಿಲ್ಲ. ಎರಡೇ ವರ್ಷದಲ್ಲಿ ಅವಳ ಕೈ ಎಷ್ಟು ಹಗುರವಾಯಿತೆಂದರೆ, ಓಡುತ್ತಿರುವವರ ಹಿಂದೆ ಕಾಲುಚೀಲದಲ್ಲಿ ತಾನೂ ಓಡುತ್ತ ಬದಲಾಯಿಸಿ ಬರುತ್ತಿದ್ದಳು. ಕ್ಯಾಪ್ಟನ್ ಹೊಸಬರನ್ನು ಕರೆದು ತೋರಿಸುತ್ತಿದ್ದಳು, "ನೋಡಿ, ಆಂಟಿ ಕೈ ನೋಡಿ, ಬೆಣ್ಣೆ ತೆಗೆದಂಗೆ."

ಆ ಕೈ ಈಗ ಬ್ಯಾಟರಿಗಳನ್ನು ಬಿಡದೆ ಅವಚಿಕೊಂಡೇ ಇತ್ತು. ಹೊರಗೆ ಮೂಟೆ ತೊಡಿಸುವವನು, ಜನರನ್ನು ನೋಡಿದ ಕೂಡಲೇ ಕಣ್ಣಲ್ಲೇ ಅಳತೆ ತೆಗೆಯುವುದರಿಂದ ಟೇಲರ್ ಎಂದು ಹೆಸರಾದವನು, ಅಣ್ಣನನ್ನು ಮೇಲಿನಿಂದ ಕೆಳಗೆ ನೋಡಿ, "ಭುಜ ಅಗಲ ಇದೆ ಸಾರ್, ನಿಮಗೆ ಏಳನೇದೇ ಸರಿ" ಎಂದ. ಏಳನೇ ಮೂಟೆಗೆ ಹಿಂದಿನ ಆಟದ ಬ್ಯಾಟರಿಗಳೇ ಇದ್ದವು. ಅದಕ್ಕೆಂದೇ ಅವಳು ಎರಡು ಹೊಸದನ್ನು ಹಿಡಿದು ಹೊರಟಿದ್ದು. ಎರಡು ಹೆಜ್ಜೆ ಮುಂದಿಟ್ಟರೆ ಆಗುವ ಕೆಲಸ. ಇಡಲಿಲ್ಲ. ಟೇಲರ್ ಎದೆಯ ಕೊಂಡಿ ಹಾಕಿದ, ಸೊಂಟದ ಕೊಂಡಿ ಹಾಕಿದ, ಟಕ್, ಟಕ್. ಅಣ್ಣ ಅಷ್ಟಕ್ಕೆ ಬಿಡಲಿಲ್ಲ. ಸೊಂಟದ ಕೊಂಡಿಯನ್ನು ತಾನೇ ಎಳೆದು ನೋಡಿದ, ಬಿಚ್ಚಿ ಮತ್ತೆ ಹಾಕಿಸಿಕೊಂಡ, ಮತ್ತೆ ಎಳೆದು ನೋಡಿದ. "ಬೀಳಲ್ಲ ಬಿಡಿ ಸಾರ್, ಇಲ್ಲಿ ಬಿದ್ರೂ ನೆಲಾನೇ" ಎಂದು ಟೇಲರ್ ನಕ್ಕ. ಅಣ್ಣನ ಮಗಳು, "ಅಪ್ಪ ಹಂಗೇ, ಕಾರಲ್ಲಿ ಕೂತ್ರೂ ಬೆಲ್ಟ್ ಬೆಲ್ಟ್ ಅಂತ ಪ್ರಾಣ ತಿಂತಾರೆ" ಎಂದಳು. ಎಲ್ಲರೂ ನಕ್ಕರು. ಅಣ್ಣನೂ ನಕ್ಕ, ಆದರೆ ಕೊಂಡಿಯ ಮೇಲಿನ ಕೈ ತೆಗೆಯಲಿಲ್ಲ.

ಅವನಾದರೂ ಈ ಕುಂಟುಕಾಲು ಕಟ್ಟಿಕೊಂಡು ಯಾಕೆ ಬರಬೇಕಿತ್ತು? ಮಗಳು ಹಟ ಹಿಡಿದಿರಬೇಕು. ಒಂದು ಕಾಲದಲ್ಲಿ ಅವನು ಎತ್ತರಕ್ಕೆ ಹುಟ್ಟಿದವನಂತಿದ್ದ. ಕಾರ್ಖಾನೆಯ ಚಿಮಣಿ, ರೇಡಿಯೋ ಗೋಪುರ, ಸೇತುವೆಯ ಕಮಾನು, ಯಾವುದಕ್ಕೆ ಬಣ್ಣ ಬಳಿಯಬೇಕಿದ್ದರೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಕೆಳಗೆ ನಿಂತು ನೋಡುವುದೇ ಅವಳಿಗೊಂದು ಹಬ್ಬ; ಕುಂಚ ಹಿಡಿದ ಕೈ ಒಂದು ಕಡೆ, ಹಾಡು ಒಂದು ಕಡೆ, ಗಾಳಿಗೆ ಅಂಗಿ ಪಟಪಟ. ಚಿಕ್ಕಂದಿನಿಂದಲೂ ಅವನು ಹೋದಲ್ಲೆಲ್ಲ ಇವಳು ಹಿಂದೆ. ಮನೆಯಲ್ಲಿ ಅವಳ ಹೆಸರೇ ಬಾಲ ಎಂದಾಗಿಬಿಟ್ಟಿತ್ತು. "ಎಲ್ಲಿ ನಿನ್ನ ಬಾಲ?" ಎಂದು ಅಮ್ಮ ಕೇಳಿದರೆ ಅವನು ತಿರುಗಿಯೂ ನೋಡದೆ, "ಇಲ್ಲೇ ಇರ್ತಾಳೆ" ಎನ್ನುತ್ತಿದ್ದ. ಎಂಟು ವರ್ಷದ ಹಿಂದೆ ಆ ಮಧ್ಯಾಹ್ನವೂ ಇವಳು ಅಲ್ಲೇ ಇದ್ದಳು, ಊಟದ ಡಬ್ಬಿ ಹಿಡಿದು ಚಿಮಣಿಯ ಬುಡದಲ್ಲಿ. ಅಷ್ಟು ಎತ್ತರದಲ್ಲಿ ಅವನು ಎಷ್ಟು ಚೆನ್ನಾಗಿ ಕಾಣುತ್ತಿದ್ದನೆಂದರೆ ಸುಮ್ಮನಿರಲಾಗಲಿಲ್ಲ. ಸುಮ್ಮನಿರಬಾರದೇ ಹಾಳು ಬಾಯಿ! ಎರಡೂ ಕೈಯನ್ನು ಬಾಯಿಗೆ ಹಿಡಿದು, ಜೀವ ಹಿಂಡಿ, "ಅಣ್ಣಾ" ಎಂದು ಕೂಗಿದಳು. ಅವನು ತಿರುಗಿದ. ಮರಳಿನ ರಾಶಿ ಇದ್ದದ್ದರಿಂದ ಜೀವ ಉಳಿಯಿತು, ಸೊಂಟದ ಮೂಳೆ ಉಳಿಯಲಿಲ್ಲ. ಹೇಗಾಯಿತೆಂದು ಕೇಳಿದವರಿಗೆಲ್ಲ ಅವನು ಕಾಲು ಜಾರಿತು ಎಂದ. ತಂಗಿ ಕರೆದಳು ಎನ್ನಲಿಲ್ಲ. ಆ ದೊಡ್ಡತನವನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಆಸ್ಪತ್ರೆಯಲ್ಲಿ ಅವನು ಅವಳ ಮುಖ ನೋಡಲಿಲ್ಲ, ಅವಳೂ ನೋಡಲಿಲ್ಲ, ಆಮೇಲೆ ಅದೇ ಅಭ್ಯಾಸವಾಯಿತು. ಆವತ್ತಿನಿಂದ ಅವನನ್ನು 'ಅಣ್ಣಾ' ಎಂದು ಎದುರಿಗೆ ಕರೆದದ್ದೇ ಇಲ್ಲ. "ಊಟಕ್ಕೆ ಬರಬೇಕಂತೆ," "ಫೋನು ಬಂದಿದೆ" ಎಂದು ಗೋಡೆಗೆ ಹೇಳಿದ ಹಾಗೆ ಹೇಳುವುದು. ಹಾಗೆ ಹೇಳಿ ಹೇಳಿ, ಕೊನೆಗೆ ಹೇಳುವುದೂ ನಿಂತಿತು.

ಒಳಗೆ ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ, ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಕ್ಯಾಪ್ಟನ್ ದನಿ ಕರಕರ ಎಂದಿತು. "ಆಂಟಿ, ಏಳನೇದರ ಬ್ಯಾಟರಿ ಕೆಂಪಿಗೆ ಬಂದಿದೆ. ಎರಡೂ. ಮುಂಚೆ ಬದಲಾಯಿಸಿರ್ಲಿಲ್ವಾ?"

"ಮರೆತುಹೋಯ್ತು."

"ನೀವಾ? ಮರೆತದ್ದಾ?" ಬೈದಿದ್ದರೆ ಚೆನ್ನಾಗಿತ್ತು, ಆ ಹುಡುಗಿ ನಿಜಕ್ಕೂ ಆಶ್ಚರ್ಯಪಟ್ಟಳು. "ಹೋಗ್ಲಿ, ಒಳಗೆ ಹೋಗಿ. ಅವ್ರು ಹಲಗೆ ಹತ್ತಿರ ಇದ್ದಾರೆ."

ಬೇರೆಯವರನ್ನು ಕಳಿಸಿ ಎನ್ನಬಹುದಿತ್ತು. ಆದರೆ ಟೇಲರನಿಗೆ ಮುಂದಿನ ಗುಂಪು ಬಂದು ಕೂತಿತ್ತು. ಅಲ್ಲದೆ ಅವನು ಮನುಷ್ಯರ ಹಿಂದೆ ನಡೆಯಬಲ್ಲವನಲ್ಲ, ಧಡಧಡ ಸದ್ದು. ಚಪ್ಪಲಿ ಬಿಟ್ಟು, ಸೊಂಟದ ಚೀಲದ ಬಲಕ್ಕೆ ಹೊಸದು ಎರಡನ್ನು ಇಟ್ಟುಕೊಂಡು, ಹಳೆಯದಕ್ಕೆ ಎಡಭಾಗ ಖಾಲಿ ಬಿಟ್ಟು ಒಳಗೆ ಹೋದಳು. ಐದು ಜನ ಆ ಬೂದು ನೆಲದ ಮೇಲೆ ಇಲ್ಲದ ಗೋಡೆಗಳನ್ನು ತಪ್ಪಿಸಿಕೊಂಡು, ಇಲ್ಲದ ಮೆಟ್ಟಿಲಿಗೆ ಕಾಲೆತ್ತಿ ಓಡಾಡುತ್ತಿದ್ದರು. ಹುಡುಗಿಯರು ಆಗಲೇ ಹಲಗೆ ದಾಟಿ ಆಚೆ ತುದಿಯಲ್ಲಿ ಬೆಳಕಿನ ಚೆಂಡು ಹಿಡಿಯುವ ಗಲಾಟೆಯಲ್ಲಿದ್ದರು. ಅಣ್ಣನ ಮಗಳು ಚೆಂಡಿನ ಹಿಂದೆ ಓಡುತ್ತ, ಇವಳನ್ನು ನೇರ ನೋಡಿ, ನೋಡದೆ, ಒಂದು ಮೊಳ ದೂರದಿಂದ ಹಾದುಹೋದಳು. ಯಾರಿಗೂ ಕಾಣದೆ ಜನರ ನಡುವೆ ನಡೆಯುವ ಈ ಸುಖ ಅವಳಿಗೆ ಎಂದೂ ಬೇಸರವಾಗಿರಲಿಲ್ಲ. ಇವತ್ತು ಮಾತ್ರ ಮೈಯೆಲ್ಲ ಮುಳ್ಳು.

ಅಣ್ಣ ಹಲಗೆಯ ಮೊದಲ ತುದಿಯಲ್ಲಿ ನಿಂತಿದ್ದ. ಆಚೆಯಿಂದ, "ಅಪ್ಪಾ, ಬೇಡ ಅಂದ್ರೆ ಬೇಡ, ಸುತ್ತಿಕೊಂಡು ಬಾ" ಎಂದು ಮಗಳು ಕೂಗಿದಳು. ಅವನು ಸುತ್ತಿಕೊಂಡು ಹೋಗಲಿಲ್ಲ. ಒಳ್ಳೆಯ ಕಾಲು ಮುಂದಿಟ್ಟ. ಕುಂಟುಕಾಲನ್ನು ಎಳೆದುಕೊಂಡ. ಅವಳು ನೋಡಿದಳು. ಅದೇ ಬೆನ್ನು! ಎಂಟು ವರ್ಷ ಬಣ್ಣದಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತಿದ್ದ ಬೆನ್ನು, ಆರು ಕಿಲೋ ಮೂಟೆ ಹೊತ್ತು, ಅರವತ್ತು ಮಹಡಿಯ ಗಾಳಿಗೆ ಎದೆ ಕೊಟ್ಟು, ಕಂಬದಂತೆ ನೆಟ್ಟಗಾಗಿತ್ತು. ಕೈಗಳು ಎರಡೂ ಬದಿಗೆ ಚಾಚಿ ತೂಕ ಹಿಡಿದವು. ಹೆದರಿಕೆಯಿತ್ತು, ಆದರೂ ಅವನ ಪಾದ ಜಾಗ ಹುಡುಕುವ ರೀತಿ, ಹಿಮ್ಮಡಿ ಮೊದಲು, ಆಮೇಲೆ ಬೆರಳು, ಅದು ಮರೆತಿರಲಿಲ್ಲ. ಇಷ್ಟು ಜನ ಇಲ್ಲಿ ಹಲಗೆ ದಾಟಿದ್ದಾರೆ, ಹೀಗೆ ನಡೆದವರನ್ನು ಅವಳು ನೋಡಿರಲಿಲ್ಲ. ಕೂಗಿ ಯಾರನ್ನಾದರೂ ಕರೆದು ತೋರಿಸಬೇಕೆನಿಸಿತು, ನೋಡಿ, ನಮ್ಮಣ್ಣ ನೋಡಿ ಎಂದು. ಬಾಯಿ ಮುಚ್ಚಿಕೊಂಡು, ಹಲಗೆಯ ಪಕ್ಕದ ನೆಲದ ಮೇಲೆ ಅವನ ಹಿಂದೆ ನಡೆದಳು.

ಹಲಗೆಯ ನಡುಮಧ್ಯ ಅವನು ತಡೆದು ನಿಂತಾಗ ಅವಳು ಎಡದ ಬ್ಯಾಟರಿ ಎಳೆದಳು. ಅವನ ಮೈ ಅಲುಗಲಿಲ್ಲ, ಅವಳ ಕೈ ಬೆಣ್ಣೆಯೇ. ಆಗ ಅವನ ಕತ್ತಿನ ಹಿಂದೆ, ಕೂದಲ ಅಂಚಿನಲ್ಲಿ, ಚಿಮಣಿಯಿಂದ ಬಿದ್ದಾಗ ಹಾಕಿದ ಹೊಲಿಗೆಯ ಗುರುತು ಕಂಡಿತು. ಇಷ್ಟು ಹತ್ತಿರದಿಂದ ಅದನ್ನು ಅವಳು ನೋಡಿದ್ದೇ ಇಲ್ಲ. ಎಂಟು ಹೊಲಿಗೆ. ಅಯ್ಯೋ ದೇವರೇ, ಎಂಟು ಹೊಲಿಗೆ ಎಂದುಕೊಳ್ಳುತ್ತ ಕೈಯಲ್ಲಿದ್ದದ್ದನ್ನು ಜಾಗಕ್ಕೆ ತೂರಿಸಿದಳು, ಬಲದ್ದನ್ನು ಎಳೆದಳು. ಎಳೆದ ಮೇಲೆ ತಿಳಿಯಿತು, ಚೀಲದಲ್ಲಿ ಹೊಸದು ಎರಡೂ ಹಾಗೇ ಇವೆ. ತೆಗೆದ ಹಳೆಯದನ್ನೇ ಮತ್ತೆ ಹಾಕಿದ್ದಳು. ಹಸಿರು ದೀಪಕ್ಕೂ ಕಾಯಲಿಲ್ಲ. ಮೂಟೆಯ ಫ್ಯಾನು ನಿಟ್ಟುಸಿರು ಬಿಟ್ಟು ನಿಂತಿತು.

ಅಣ್ಣ ಕಲ್ಲಾದ. "ಕತ್ತಲಾಯ್ತು" ಎಂದ. ದನಿ ಸಣ್ಣದಾಗಿತ್ತು. "ಯಾರಿದ್ದೀರ? ಎಲ್ಲಾ ಕತ್ತಲಾಯ್ತು."

ಕಿವಿಯಲ್ಲಿ ಕ್ಯಾಪ್ಟನ್, "ಏಳನೇದು ಸತ್ತಿದೆ! ಏನಾಯ್ತು ಆಂಟಿ? ನಾನು ಬರ್ಲಾ?" ಎಂದಳು. ಬಾ ಎಂದರೆ ಮುಗಿಯಿತು. ಆ ಹುಡುಗಿ ಬಂದು ಚಂದದ ದನಿಯಲ್ಲಿ 'ಸಾರ್' ಎನ್ನುತ್ತಾಳೆ, ಇವಳು ಪರದೆಯ ಹಿಂದೆ ಸೇರಿಕೊಳ್ಳಬಹುದು. ಆದರೆ ಕ್ಯಾಪ್ಟನ್ ಇರುವುದು ಹಜಾರದ ಆಚೆ ಕೋಣೆಯಲ್ಲಿ. ಅಷ್ಟು ಹೊತ್ತು ಇವನು ಇಲ್ಲಿ, ಆ ಕತ್ತಲಲ್ಲಿ, ಚಾಚಿದ ಕೈ ಇಳಿಸಲಾರದೆ, ಕಾಲ ಕೆಳಗೆ ಇನ್ನೂ ಆ ಆಳವನ್ನೇ ಇಟ್ಟುಕೊಂಡು. ಬೆವರು ಕತ್ತಿನ ಹೊಲಿಗೆಯ ಮೇಲೆ ಇಳಿಯುತ್ತಿತ್ತು. ಅಲುಗಾಡಿದರೆ ಬೀಳುತ್ತಾನೆ, ಹೆಬ್ಬೆರಳು ದಪ್ಪದ ಹಲಗೆಯಿಂದಲೇ ಬಿದ್ದರೂ ಆ ಸೊಂಟಕ್ಕೆ ಅದು ಸಾಕು. ಸುಮ್ಮನೆ ಹಿಡಿದುಕೊಳ್ಳೋಣವೆಂದು ಅವಳ ಕೈ ಮುಂದೆ ಹೋಯಿತು. ಕ್ಯಾಪ್ಟನ್ ಮೊದಲ ದಿನವೇ ಕಲಿಸಿದ ನಿಯಮ ಕೈಯನ್ನು ತಡೆಯಿತು. ಕಣ್ಣು ಕಾಣದವರನ್ನು ಹೇಳದೆ ಮುಟ್ಟಬಾರದು, ಬೆಚ್ಚಿ ಬೀಳುತ್ತಾರೆ. ಮೊದಲು ದನಿ, ಆಮೇಲೆ ಕೈ. ಯಾವ ದನಿ? ಅವಳಲ್ಲಿ ಇವನಿಗೆಂದು ಇದ್ದದ್ದು ಒಂದೇ ಪದ, ಅದು ಒಮ್ಮೆ ಇವನನ್ನು ಕೆಡವಿದ್ದು. ಅವನು ಮತ್ತೆ, "ಯಾರಾದ್ರೂ ಇದ್ದೀರಾ?" ಎಂದ.

"ಅಣ್ಣಾ."

ಅವನು ತಿರುಗಲಿಲ್ಲ. ಅವಳು ನೋಡಿದ್ದು ಅಷ್ಟನ್ನೇ. ಕತ್ತು ಇದ್ದಲ್ಲೇ ಇತ್ತು, ಪಾದ ಇದ್ದಲ್ಲೇ ಇತ್ತು.

"ಬಾಲಾನಾ?"

"ಹೂಂ. ನಾನೇ."

"ಎಲ್ಲಿದ್ದೀ? ಕೆಳಗಾ?"

"ಇಲ್ಲಣ್ಣ. ಇಲ್ಲೇ, ಹಿಂದೇನೇ ಇದ್ದೀನಿ. ಕೈ ಇಡ್ಲಾ?"

"ಇಡು."

ಭುಜದ ಮೇಲೆ ಅಂಗೈ ಇಟ್ಟಳು. ಅಂಗಿಯೆಲ್ಲ ಒದ್ದೆ. ಆ ಭುಜ ಮೆಲ್ಲಗೆ ಇಳಿಯಿತು, ಚಾಚಿದ ಕೈಗಳೂ ಇಳಿದವು. ಇನ್ನೊಂದು ಕೈಯಲ್ಲಿ ಹೊಸ ಬ್ಯಾಟರಿ ತೂರಿಸಿದಳು, ಹಸಿರು ಹತ್ತುವವರೆಗೆ ಕಣ್ಣು ಕೀಳದೆ ಕಾದಳು, ಎರಡನೆಯದನ್ನೂ ಹಾಕಿದಳು. "ಬರ್ಬೇಡಿ, ನಾನಿದ್ದೀನಿ" ಎಂದು ಕ್ಯಾಪ್ಟನ್‌ಗೆ ಹೇಳಿದಳು. ಮೂಟೆ ಮತ್ತೆ ಗುಂಯ್ ಎಂದಿತು.

"ಒಂದೂವರೆ ನಿಮಿಷ ಬೇಕಣ್ಣ, ಮತ್ತೆ ಶುರು ಆಗೋಕೆ. ತಲೆಯಿಂದ ಇದನ್ನ ತೆಗೀಲಾ?"

"ಬೇಡ. ದಾಟ್ತೀನಿ." ಆಮೇಲೆ ಕೇಳಿದ, "ನೀನಿಲ್ಲಿ ಏನ್ ಮಾಡ್ತಿದ್ದೀ?"

"ಬ್ಯಾಟರಿ ಬದಲಾಯಿಸ್ತೀನಿ."

"ಮೇಲ್ವಿಚಾರಣೆ ಅಂದಿದ್ದೆ?"

"ಸುಳ್ಳು."

"ಸರಿ ಹೋಯ್ತು. ನಾನೂ ಬಣ್ಣದಂಗಡೀಲಿ ಮ್ಯಾನೇಜರ್ ಅಂತ ಹೇಳಿಸಿದ್ನಲ್ಲ ನಿಂಗೆ? ಬಣ್ಣ ಬೆರೆಸೋಕೆ ಡಬ್ಬ ಅಲ್ಲಾಡಿಸ್ತೀನಿ ಅಷ್ಟೇ." ಅವನ ಭುಜ ನಗುವಿಗೆ ಕುಲುಕಿದ್ದು ಅವಳ ಅಂಗೈಗೆ ತಿಳಿಯಿತು. "ಯಾವಾಗಿಂದ ಹಿಂದಿದ್ದೀ? ಗೊತ್ತೇ ಆಗ್ಲಿಲ್ಲ. ಒಳ್ಳೇ ಕೈ ಕಣೇ ನಿಂದು."

ಹೊಗಳಿಕೆ ಕೇಳಿ ಅವಳಿಗೆ ಅಳು ಬಂತು. ಮುಖ ಕಾಣದ್ದಕ್ಕೋ, ಅವನ ಕಣ್ಣು ಮುಚ್ಚಿದ್ದಕ್ಕೋ, ಎಂಟು ವರ್ಷದಿಂದ ಗಂಟಲಲ್ಲಿ ಇದ್ದದ್ದು ತಾನಾಗಿ ಹೊರಗೆ ಬಂತು. "ಆವತ್ತು ನಾನು ಕರೀಬಾರದಿತ್ತಣ್ಣ."

"ಯಾವತ್ತು?"

"ಚಿಮಣಿ ಹತ್ರ. ನಾನು ಕರೆದದ್ದಕ್ಕೇ ನೀನು ತಿರುಗಿದ್ದು."

ಆಚೆ ತುದಿಯಲ್ಲಿ ಹುಡುಗಿಯರು ಏನಕ್ಕೋ ಕಿರುಚಿ ನಕ್ಕರು.

"ಊಟ ತಂದೋಳು ಕರೀದೆ ಇನ್ನೇನು ಮಾಡ್ತಾಳೆ?" ಎಂದ ಅಣ್ಣ. "ಕರೆದ್ರೆ ತಿರುಗೋದೇ. ತಿರುಗಿದ್ರೂ ಬೀಳಬಾರದು ಅಂತ ತಾನೇ ಬೆಲ್ಟಿಗೆ ಕೊಕ್ಕೆ ಇರೋದು? ಹಾಕಿರ್ಲಿಲ್ಲ ನಾನು."

"ಏನು?"

"ಕೊಕ್ಕೆ. ಸೊಂಟದಿಂದ ಜೋತಾಡ್ತಿತ್ತು. ಹುಡುಗರಿಗೆಲ್ಲ ದಿನಾ ಪಾಠ ಹೇಳೋನು, ನಾನೇ ಹಾಕಿರ್ಲಿಲ್ಲ. ನೀನು ಬರೋ ಹೊತ್ತಲ್ವಾ, ಬರೀ ಕೈಯಲ್ಲಿ ಹತ್ತಿರೋದನ್ನ ನೋಡ್ಲಿ ಅಂತ." ಅವನು ಕುಂಟುಕಾಲನ್ನು ಸರಿಯಾಗಿ ಊರಿಕೊಂಡ. "ನೀನು ನೋಡಿದ್ದೀಯ, ನನ್ನ ಮರ್ಯಾದೆ ಉಳಿಸೋಕೆ ಯಾರಿಗೂ ಹೇಳಿಲ್ಲ ಅಂತ ಅಂದ್ಕೊಂಡಿದ್ದೆ. ಅದಕ್ಕೇ ನಿನ್ನ ಮುಖ ನೋಡೋಕೆ ಆಗ್ತಿರ್ಲಿಲ್ಲ."

ಅವಳು ನೋಡಿರಲಿಲ್ಲ. ಆವತ್ತು ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು, ಅವಳಿಗೆ ಕಂಡದ್ದು ಬಣ್ಣದ ಬಕೆಟ್ಟು, ಅವನ ಬೆನ್ನು, ಪಟಪಟ ಹೊಡೆದುಕೊಳ್ಳುವ ಅಂಗಿ, ಇಷ್ಟೇ. ಅಷ್ಟಕ್ಕೇ ಅವಳ ಎದೆ ತುಂಬಿ ಬಾಯಿ ತೆರೆದಿತ್ತು. ಅದನ್ನು ಹೇಳುವ ಬದಲು ಭುಜದ ಮೇಲಿನ ಕೈಯನ್ನು ಇನ್ನಷ್ಟು ಒತ್ತಿ ಹಿಡಿದಳು. ಅವನು ತನ್ನ ಕೈ ಎತ್ತಿ, ತಡವಿ, ಅವಳ ಬೆರಳುಗಳ ಮೇಲೆ ಎರಡು ಸಲ ತಟ್ಟಿದ.

"ಬಂತು" ಎಂದ ಆಮೇಲೆ. "ಊರು ಬಂತು. ಅಬ್ಬಬ್ಬಾ, ಎಷ್ಟು ಆಳ ಮಾರಾಯ್ತಿ."

"ಹೋಗ್ತೀಯಾ?"

"ಹೋಗ್ತೀನಿ. ನೀನೂ ಬಾ."

ಮೊದಲ ಹೆಜ್ಜೆ ಎತ್ತುವ ಮುಂಚೆ ಅವನ ಕೈ ಸೊಂಟಕ್ಕೆ ಹೋಯಿತು, ಮೂಟೆಯ ಕೊಂಡಿ ಹುಡುಕಿತು, ಬೆವರಿಗೆ ಜಾರಿತು. "ಹಾಕಿದೆಯಾ ನೋಡೇ" ಎಂದ. ಆ ಕೊಂಡಿ ಹಿಡಿದಿರುವುದು ಬರೀ ಕಂಪ್ಯೂಟರನ್ನು, ಮನುಷ್ಯರನ್ನಲ್ಲ, ಅದು ಅವನಿಗೂ ಗೊತ್ತು. ಅವಳು ಬಗ್ಗಿ, ಎರಡು ಬೆರಳು ತೂರಿಸಿ, ಜೋರಾಗಿ ಎಳೆದು ನೋಡಿದಳು.

"ಹಾಕಿದೆ ಅಣ್ಣ."

ಅವನು ಹಿಮ್ಮಡಿ ಮೊದಲು ಇಟ್ಟ, ಆಮೇಲೆ ಬೆರಳು. ಅವಳೂ ಕಾಲುಚೀಲದ ಪಾದವನ್ನು ಹಲಗೆಯ ಮೇಲೆ ಇಟ್ಟು ಅವನ ಹಿಂದೆ ನಡೆದಳು.